ಕೇಳುವುದನ್ನು ಬಿಡದ ನನ್ನ ವಾರ್ಡಿಗೆ

ವಾರ್ಡಿನ ಎಲ್ಲರಿಗೂ ನಮಸ್ಕಾರ. ನಮ್ಮೂರು ಸಕಲೇಶಪುರದ ಪುರಸಭೆಯಲ್ಲಿ ಸದಸ್ಯರಾದ ನಮ್ಮ ಅವಧಿ ಮುಗಿಯಿತು. ಮುಂದಿನ ಚುನಾವಣೆ ಆಗುವವರೆಗೆ ಆಡಳಿತಾಧಿಕಾರಿಗಳು ನೋಡಿಕೊಳ್ಳುತ್ತಾರೆ. ಬೀಳ್ಕೊಡುಗೆ ಸಭೆಯಲ್ಲಿ ಶಾಲು ಹೊದಿಸಿ, ಎರಡು ಮಾತಾಡಿ ಅಂದರು. ಎರಡು ಮಾತಿಗೆ ಮುಗಿಯುವಂಥದ್ದಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

2018ರಲ್ಲಿ ನೀವು ನನ್ನನ್ನು ಗೆಲ್ಲಿಸಿದಿರಿ. ಆಮೇಲೆ ಏನಾಯಿತು ನಿಮಗೆ ಗೊತ್ತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ತಗಾದೆ ಕೋರ್ಟಿಗೆ ಹೋಯಿತು. ರಾಜ್ಯದ ಎಷ್ಟೋ ಊರುಗಳಲ್ಲಿ ಗೆದ್ದ ಸದಸ್ಯರು ಎರಡು ವರ್ಷ ಕಾದರು. 2020ರ ಕೊನೆಗೆ ಅಧ್ಯಕ್ಷರು ಬಂದರು. ಅವರ ಮೂವತ್ತು ತಿಂಗಳು ಮುಗಿದ ಮೇಲೆ ಮತ್ತೆ ಅದೇ ಕಾಯುವಿಕೆ, 2024ರ ಆಗಸ್ಟ್ ತನಕ. ಊರಿನ ಆಡಳಿತ ಊರಿನವರ ಕೈಗೆ ಸಿಗಲಿ ಅಂತ ಸಂವಿಧಾನದ 74ನೇ ತಿದ್ದುಪಡಿ ಬಂದು, 1993ರ ಜೂನ್ 1ರಿಂದ ಜಾರಿಯಲ್ಲಿದೆ. ಜನ ಓಟು ಹಾಕಿದ ಮೇಲೂ ಕುರ್ಚಿ ಖಾಲಿ ಬಿಡುವುದು ಆ ಜನರಿಗೆ ಮಾಡುವ ಅನ್ಯಾಯ. ಯಾವ ಪಕ್ಷದ ಸರ್ಕಾರ ಇದ್ದರೂ ನನ್ನ ಮಾತು ಇದೇ.

ಆದರೆ ನೀವು ಕಾಯಲಿಲ್ಲ. 2019ರ ಆಗಸ್ಟ್‌ನಲ್ಲಿ ಹೇಮಾವತಿ ತುಂಬಿ ಹರಿದಾಗ ನನಗೆ ಸಹಿ ಹಾಕುವ ಅಧಿಕಾರ ಯಾವುದೂ ಇರಲಿಲ್ಲ. ರಾತ್ರಿ ಬಂದು ಬಾಗಿಲು ಬಡಿದಿರಿ. 'ಅಕ್ಕ, ಹೊಳೆ ಮೆಟ್ಟಿಲು ಹತ್ತುತ್ತಾ ಇದೆ, ಏನು ಮಾಡಾಣ?' ಅಷ್ಟೇ ಕೇಳಿದ್ದು. ಹಿಟ್ಟಿನ ಗಿರಣಿಯ ಹುಡುಗರು ಅಕ್ಕಿ ಮೂಟೆಗಳನ್ನು ಹೆಗಲ ಮೇಲೆ ಹೊತ್ತು ಮಹಡಿಗೆ ಸಾಗಿಸಿದರು. ಮಸೀದಿ ಬೀದಿಯವರು ಅನ್ನ ಬೇಯಿಸಿದರು, ದೇವಸ್ಥಾನದ ಛತ್ರದಲ್ಲಿ ಎಲ್ಲರೂ ಕೂತು ಉಂಡರು. ಚುನಾವಣೆಯಲ್ಲಿ ನನ್ನ ವಿರುದ್ಧ ಓಡಾಡಿದವರೇ ಅವತ್ತು ಹಗ್ಗ ಹಿಡಿದು ಮುಂದೆ ನಿಂತಿದ್ದರು. ಅವರಿಗೆ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಿರಲಿಲ್ಲ. ಇವತ್ತು ಹೇಳುತ್ತೇನೆ, ಮನಸ್ಸು ತುಂಬಿ.

ಕೆಳಬೀದಿಯ ಅಜ್ಜಿಯ ವಿಷಯ ಬರೆಯದೆ ಈ ಕಾಗದ ಪೂರ್ತಿ ಆಗುವುದಿಲ್ಲ. ಅಜ್ಜಿ ಒಂದು ದಿನ ನಲ್ಲಿ ನೀರನ್ನು ಬಾಟಲಿಯಲ್ಲಿ ಹಿಡಿದು ತಂದು ನಮ್ಮನೆ ಜಗಲಿಯ ಮೇಲೆ ಇಟ್ಟರು. ಕಂದು ಬಣ್ಣ, ತಳದಲ್ಲಿ ಕೆಸರು. 'ಇದನ್ನ ನೀನು ಕುಡೀತೀಯೇನವ್ವ?' ಅಂದರು. ಬೈಯಲಿಲ್ಲ, ಕೂಗಲಿಲ್ಲ. ಮಾರನೇ ವಾರ ಮತ್ತೊಂದು ಬಾಟಲಿ. ಟ್ಯಾಂಕ್ ತೊಳೆಸಿದ್ದಾಯಿತು, ಬ್ಲೀಚಿಂಗ್ ಪೌಡರ್ ಹಾಕಿಸಿದ್ದಾಯಿತು, ಬಣ್ಣ ಹೋಗಲಿಲ್ಲ. ಕಡೆಗೆ ನೀರು ಬಿಡುವ ಅಣ್ಣ ಚರಂಡಿಗೇ ಇಳಿದು ಕೈ ಹಾಕಿ ನೋಡಿದರು. ಹಳೇ ಕಬ್ಬಿಣದ ಪೈಪು ಚರಂಡಿಯೊಳಗೇ ಹಾದುಹೋಗಿತ್ತು, ತುಕ್ಕು ಹಿಡಿದು ತೂತಾಗಿತ್ತು. ನೀರು ಬಿಟ್ಟಾಗ ತೂತಿನಿಂದ ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿದು ಚರಂಡಿ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವ ಬಿಂದಿಗೆಯಲ್ಲಿ ಅದೇ ನೀರು. ಪೈಪನ್ನು ಚರಂಡಿಯಿಂದ ಹೊರಗೆ ತಂದು ಹೊಸ ಲೈನ್ ಎಳೆಸಿದೆವು. ಅಜ್ಜಿ ಮತ್ತೆ ಬಾಟಲಿ ತಂದರು, ಈ ಸಲ ತಿಳಿ ನೀರು. ನನ್ನ ಕೈಯಲ್ಲೇ ಕುಡಿಸಿ ಹೋದರು!

ಆ ಪೈಪಿನ ದುಡ್ಡು ಎಲ್ಲಿಂದ ಬಂತು ಅಂತ ಹುಡುಗರು ಕೇಳಿದ್ದರು. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ. ನಮ್ಮಂಥ ಊರುಗಳಿಗೆ ಬಂದ ಆ ಹಣದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೇ ಖರ್ಚಾಗಬೇಕಿತ್ತು. ಅದು ಒಳ್ಳೆಯದೇ, ಅದರಿಂದಲೇ ನಮ್ಮ ಕೆಲಸ ಆಯಿತು. ಆದರೆ ಮಳೆಗೆ ದಿಬ್ಬ ಕುಸಿಯುವ ಊರಿಗೂ ಬಯಲುಸೀಮೆ ಊರಿಗೂ ಒಂದೇ ಲೆಕ್ಕ ಹಾಕಿದರೆ ಹೇಗೆ? ಊರಿಗೆ ಏನು ಬೇಕು ಅಂತ ಊರೇ ತೀರ್ಮಾನಿಸುವ ಪಾಲು ಇನ್ನೂ ಜಾಸ್ತಿ ಆಗಬೇಕು. ದೆಹಲಿಯ ರಾಜಕೀಯ ಅಂದರೆ ಟಿವಿಯಲ್ಲಿ ಕಿರುಚಾಡುವುದು ಅಂತ ನಾನೂ ಅಂದುಕೊಂಡಿರಲಿಲ್ಲ, ನೀವೂ ಅಂದುಕೊಳ್ಳಲಿಲ್ಲ. ಅದು ನಮ್ಮ ನಲ್ಲಿಯಲ್ಲಿ ಬರುತ್ತದೆ.

ಜಿಲ್ಲೆಯ ವಿಷಯಕ್ಕೂ ನೀವು ನನ್ನನ್ನೇ ಹಿಡಿದು ಕೇಳಿದಿರಿ. ಶಿರಾಡಿ ಘಾಟ್ ಯಾವಾಗ ಸರಿಹೋಗುತ್ತೆ ಅಂತ. ದೋಣಿಗಾಲ್ ಹತ್ತಿರ 2022ರಲ್ಲಿ ಕುಸಿಯಿತು, 2024ರಲ್ಲಿ ಮತ್ತೆ ಕುಸಿಯಿತು. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗೆ ಆ ರಸ್ತೆ ಪ್ರಾಣದ ಪ್ರಶ್ನೆ. ನಮ್ಮ ಹಳ್ಳಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆ ಬಗ್ಗೆ ಕೇಳಿದಿರಿ. 2014ರಲ್ಲಿ 12,912 ಕೋಟಿ ಅಂದಿದ್ದ ಯೋಜನೆ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲೇ ಮೊದಲ ಹಂತದ ಉದ್ಘಾಟನೆ ಆಯಿತು. ಕೋಲಾರ, ಚಿಕ್ಕಬಳ್ಳಾಪುರದ ಜನರಿಗೆ ನೀರು ಸಿಗಬಾರದು ಅಂತ ಯಾರೂ ಹೇಳುವುದಿಲ್ಲ. ನಮ್ಮ ಬೆಟ್ಟ ಅಗೆದು, ನಮ್ಮ ಹಳ್ಳಗಳ ನೀರು ತೆಗೆದಾಗ ಇಲ್ಲಿನವರನ್ನೂ ಕೂರಿಸಿ ಮಾತಾಡಿಸಬೇಕು ಅಲ್ವಾ, ಅಷ್ಟೇ.

ಆನೆ ವಿಷಯ ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. ನಮ್ಮ ವಾರ್ಡಿನ ಹೆಣ್ಣುಮಕ್ಕಳು ಬೆಳಿಗ್ಗೆ ಜೀಪಿನಲ್ಲಿ ತೋಟದ ಕೆಲಸಕ್ಕೆ ಹೋಗುತ್ತಾರೆ. ಬುತ್ತಿ ಕಟ್ಟಿಕೊಳ್ಳುವ ಮೊದಲು ಮೊಬೈಲ್ ತೆಗೆದು, ಆನೆ ಯಾವ ತೋಟದಲ್ಲಿದೆ ಅನ್ನುವ ಮೆಸೇಜ್ ನೋಡುತ್ತಾರೆ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಭಾಗದ ಕಾಡಿನಲ್ಲಿ ಕಾಡಾನೆಯ ಜೊತೆ ಹೋರಾಡಿ ಸತ್ತ. ಜನರೂ ಸಾಯುತ್ತಿದ್ದಾರೆ, ಆನೆಗಳೂ ಸಾಯುತ್ತಿವೆ. ಪರಿಹಾರದ ಚೆಕ್ ಕೊಟ್ಟು ಮುಂದಿನ ಸಾವಿನ ತನಕ ಮರೆಯುವುದು ಪರಿಹಾರವಲ್ಲ. ಬೆಂಗಳೂರು, ದೆಹಲಿ ಎರಡೂ ಕೂತು ಮಾಡಬೇಕಾದ ಕೆಲಸ ಇದು. ಪುರಸಭೆ ಸದಸ್ಯೆ ಏನು ಮಾಡಿಯಾಳು ಅಂತ ನೀವು ಬಿಡಲಿಲ್ಲ. ಮನವಿ ಬರೆಸಿದಿರಿ, ತಾಲ್ಲೂಕು ಕಚೇರಿಗೆ ಜೊತೆಗೇ ಬಂದಿರಿ.

ಹೀಗೆ ಕೇಳುವವರಿಂದಲೇ ನಮ್ಮ ಜಿಲ್ಲೆ ಬೆಳೆದಿದೆ. ಹರದನಹಳ್ಳಿಯ ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿ ಸದಸ್ಯರಾಗಿದ್ದವರು. 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಹೋದರು, 1996ರ ಜೂನ್‌ನಲ್ಲಿ ಪ್ರಧಾನಿ ಆದರು. ಅವರ ರಾಜಕೀಯ ಒಪ್ಪುವವರು ಇದ್ದಾರೆ, ಒಪ್ಪದವರೂ ಇದ್ದಾರೆ. ತಾಲ್ಲೂಕಿನ ಕೆಲಸ ಗೊತ್ತಿದ್ದವರು ಅಲ್ಲಿ ಕೂರಬಹುದು ಅನ್ನುವುದಂತೂ ನಿಜ.

ಹೆಂಗಸರೂ ಕೂರಬೇಕು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಮಹಿಳೆಯರಿಗೆ ಅಂತ 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿತು. ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿಟ್ಟರು. ಮರುವಿಂಗಡಣೆ ಅಂದರೆ ದಕ್ಷಿಣದ ರಾಜ್ಯಗಳಿಗೆ ಸೀಟು ಕಡಿಮೆ ಆಗುವ ಭಯ ಬೇರೆ ಇದೆ. ಜನಸಂಖ್ಯೆ ಹತೋಟಿಯಲ್ಲಿ ಇಟ್ಟ ರಾಜ್ಯಕ್ಕೆ ಅದರಿಂದಲೇ ನಷ್ಟ ಆಗಬಾರದು. ಆದರೆ ಆ ಲೆಕ್ಕಾಚಾರಕ್ಕೆ ಹೆಂಗಸರ ಪಾಲನ್ನು ಯಾಕೆ ಗಂಟು ಹಾಕಬೇಕು? ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ನಮ್ಮದು. ನಾವು ನಡೆಸಿ ತೋರಿಸಿದ್ದೇವೆ.

ಪೌರಕಾರ್ಮಿಕ ಅಣ್ಣ ಅಕ್ಕಂದಿರಿಗೆ ಕೈ ಮುಗಿಯುತ್ತೇನೆ. ಕೋವಿಡ್ ದಿನಗಳಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ನೀವು ಬೀದಿಯಲ್ಲಿ ಇದ್ದಿರಿ. ಕಂದಾಯ ವಿಭಾಗದವರಿಗೆ, ಎಂಜಿನಿಯರ್‌ಗಳಿಗೆ, ಮೂರೂ ಪಕ್ಷದ ಸದಸ್ಯರಿಗೆ ಧನ್ಯವಾದ. ಸಭೆಯಲ್ಲಿ ಜಗಳ ಆಡಿದೆವು, ಹೊರಗೆ ಬಂದು ಒಟ್ಟಿಗೆ ಕಾಫಿ ಕುಡಿದೆವು. ನಮ್ಮತ್ತೆಗೂ ಹೇಳಬೇಕು. ಫೋನ್ ಬಂದಾಗೆಲ್ಲ ಒಲೆ ಮುಂದಿನಿಂದ ನನ್ನನ್ನು ಎಬ್ಬಿಸಿ, 'ಹೋಗು, ನಾನು ನೋಡ್ಕೋತೀನಿ' ಅಂದವರು ಅವರು.

ಮೂರು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿಗೆ ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ನಮ್ಮ ವಾರ್ಡಿಗೆ ನೀವೇ ಆ ಸಮಿತಿ ಆದಿರಿ. ಅದನ್ನು ಬಿಡಬೇಡಿ. ಹೊಳೆ ಬದಿಯ ತಡೆಗೋಡೆಯ ಅಂದಾಜು ಪಟ್ಟಿ ಎಂಜಿನಿಯರ್ ವಿಭಾಗದಲ್ಲಿದೆ, ಮಂಜೂರಾತಿ ಬಾಕಿ. ಅರ್ಜಿಯ ಪ್ರತಿ ನನ್ನ ಹತ್ತಿರ ಇದೆ. ಸೋಮವಾರ ಆಡಳಿತಾಧಿಕಾರಿಗಳನ್ನು ನೋಡಲು ಹೋಗುತ್ತಿದ್ದೇನೆ, ಬರುವವರು ಹತ್ತು ಗಂಟೆಗೆ ಪುರಸಭೆ ಹತ್ತಿರ ಬನ್ನಿ.