ಬಂದೂಕಿನ ಕಿಟ್‌ಗೆ ಹೊಸ ಕಾಯ್ದೆ ಏಕೆ?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹವ್ಯಾಸಕ್ಕೆಂದು ಮನೆಯಲ್ಲೇ ಜೋಡಿಸಿಕೊಳ್ಳುವ, ಕ್ರಮಸಂಖ್ಯೆಯಿಲ್ಲದ ಬಂದೂಕುಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಅಂಥ ಕಿಟ್‌ಗಳು ಇಲ್ಲಿಗೆ ಕಾಲಿಡುವ ಮೊದಲೇ ನಮ್ಮಲ್ಲೂ ಹೊಸ ಕಾಯ್ದೆ ಬರಬೇಕೆಂಬ ಲೇಖಕರ ಸಲಹೆಯನ್ನು ನಾನು ಒಪ್ಪಲಾರೆ. ಆ ಕಾಯ್ದೆ ಈಗಾಗಲೇ ನಮ್ಮಲ್ಲಿದೆ.

ಅಲ್ಲಿನ 1968ರ ಬಂದೂಕು ನಿಯಂತ್ರಣ ಕಾಯ್ದೆ ಕ್ರಮಸಂಖ್ಯೆ ಕೆತ್ತುವ ಹೊಣೆಯನ್ನು ಪರವಾನಗಿ ಪಡೆದ ತಯಾರಕರು ಮತ್ತು ಆಮದುದಾರರ ಮೇಲೆ ಹೊರಿಸಿತೇ ಹೊರತು, ಮಾರುವ ಉದ್ದೇಶವಿಲ್ಲದೆ ಸ್ವಂತಕ್ಕೆ ಒಂದು ಬಂದೂಕು ಮಾಡಿಕೊಳ್ಳುವವನ ಮೇಲಲ್ಲ. ಮುಕ್ಕಾಲು ಪಾಲಿಗೂ ಹೆಚ್ಚು ಸಿದ್ಧವಾದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು, ‘ಇದು ಇನ್ನೂ ಬಂದೂಕಲ್ಲ’ ಎಂದು ಮಾರುವ ವ್ಯಾಪಾರ ಬೆಳೆದದ್ದು ಈ ಸಂದಿಯಲ್ಲೇ. ಮೂಲ ಪತ್ತೆಗೆಂದು ಪೊಲೀಸರು ಒಕ್ಕೂಟ ಸರ್ಕಾರಕ್ಕೆ ಕಳಿಸಿದ ಇಂಥ ಬಂದೂಕುಗಳು 2017ರಲ್ಲಿ ಸುಮಾರು 1,600 ಇದ್ದದ್ದು 2021ರ ಹೊತ್ತಿಗೆ 19,000 ದಾಟಿದವು. 2022ರ ನಿಯಮ ಕಿಟ್ ಮಾರುವವರಿಗೂ ಪರವಾನಗಿ, ಕ್ರಮಸಂಖ್ಯೆ ಮತ್ತು ಕೊಳ್ಳುವವನ ಹಿನ್ನೆಲೆ ತಪಾಸಣೆಯನ್ನು ಕಡ್ಡಾಯ ಮಾಡಿತು. ಅದರ ವಿರುದ್ಧದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2025ರ ಮಾರ್ಚ್ 26ರಂದು 7–2ರ ಬಹುಮತದಿಂದ ನಿಯಮವನ್ನು ಎತ್ತಿಹಿಡಿಯಿತು. ಹಿಂದೆಂದೂ ಆ ಕಿಟ್ ಕಾಣದವನೊಬ್ಬ ಸಾಮಾನ್ಯ ಉಪಕರಣಗಳಿಂದ 21 ನಿಮಿಷದಲ್ಲಿ ಪಿಸ್ತೂಲು ಜೋಡಿಸಿದ್ದನ್ನು ನ್ಯಾಯಮೂರ್ತಿ ಗೊರ್ಸಚ್ ತೀರ್ಪಿನಲ್ಲಿ ದಾಖಲಿಸಿದ್ದಾರೆ.

ಕಿಟ್ ಯಾವಾಗ ಬಂದೂಕಾಗುತ್ತದೆ ಎಂದು ಅವರು ಇಷ್ಟು ವರ್ಷ ಜಗ್ಗಾಡಿದ ಪ್ರಶ್ನೆ ನಮ್ಮಲ್ಲಿ ಏಳುವುದೇ ಇಲ್ಲ. 1959ರ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್, ಬಂದೂಕಿನ ಬಿಡಿಭಾಗಗಳನ್ನು ಮಾತ್ರವಲ್ಲ, ಬಂದೂಕು ತಯಾರಿಸುವ ಯಂತ್ರವನ್ನೂ ‘ಬಂದೂಕು’ ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ. ಪರವಾನಗಿಯಿಲ್ಲದ ತಯಾರಿಕೆಯನ್ನು 5ನೇ ಸೆಕ್ಷನ್, ಗುರುತಿನ ಸಂಖ್ಯೆಯಿಲ್ಲದ ಬಂದೂಕಿನ ಮಾರಾಟ ಮತ್ತು ಹಸ್ತಾಂತರವನ್ನು 8ನೇ ಸೆಕ್ಷನ್ ನಿಷೇಧಿಸುತ್ತವೆ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಹವ್ಯಾಸವೆಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ.

ಲೇಖನದಲ್ಲಿ ಬಾರದ, ಮಲೆನಾಡಿನವನಾದ ನನಗೆ ಸೋಜಿಗವೆನಿಸಿದ ಸಂಗತಿ ಇನ್ನೊಂದಿದೆ. ನಳಿಗೆಯ ಬಾಯಿಂದ ಮದ್ದು ತುಂಬುವ, ನಾವು ಕೇಪಿನ ಕೋವಿ ಎನ್ನುವ ಮಾದರಿಯದು ಅಮೆರಿಕದ ಒಕ್ಕೂಟ ಕಾನೂನಿನ ಕಣ್ಣಿಗೆ ಬಂದೂಕೇ ಅಲ್ಲ. ಅದನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸಿ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ, ಅಜ್ಜನ ಕಾಲದಿಂದ ತೋಟಕ್ಕೆ ನುಗ್ಗುವ ಹಂದಿಯನ್ನು ಬೆದರಿಸಲು ಇಟ್ಟುಕೊಂಡಿರುವ ಅಂಥದೇ ಕೋವಿಯ ಪರವಾನಗಿ ನವೀಕರಣಕ್ಕೆಂದು ಹೋದಾಗ, ನಳಿಗೆಯ ಮೇಲೆ ಸವೆದುಹೋದ ಅಂಕಿಗಳಿಗೆ ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಟಾರ್ಚ್ ಹಿಡಿದು ಪುಸ್ತಕದ ಸಂಖ್ಯೆಯೊಂದಿಗೆ ತಾಳೆ ನೋಡಿಸಿಕೊಂಡು ಬಂದಿದ್ದೇನೆ. ಅದರಲ್ಲಿ ಒಂದು ಅಂಕಿ 3ರಂತೆಯೂ 8ರಂತೆಯೂ ಕಾಣುತ್ತಿದ್ದರಿಂದ ಅರ್ಧ ದಿನವೇ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಸ್ವಂತಕ್ಕೆ ಬಂದೂಕು ಮಾಡಿಕೊಳ್ಳುವವನು ಮೊದಲು ಸರ್ಕಾರದಿಂದ ಸಂಖ್ಯೆ ಪಡೆದು, ಅದನ್ನು ಇಂಚಿನ ಸಾವಿರದಲ್ಲಿ 3 ಪಾಲಿಗೆ ಕಡಿಮೆಯಿಲ್ಲದಷ್ಟು ಆಳಕ್ಕೆ ಕೆತ್ತಬೇಕೆಂಬ ನಿಯಮವನ್ನು ಓದಿದಾಗ, ಆ ಆಳದ ಅಗತ್ಯ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲೇಖನದ ಒಂದು ಸಾಲು ಮಾತ್ರ ತಿದ್ದುಪಡಿಗೆ ಅರ್ಹವಾಗಿದೆ. ‘ಅಮೆರಿಕದಲ್ಲಿ ಯಾರು ಬೇಕಾದರೂ ಮನೆಯಲ್ಲಿ ಬಂದೂಕು ಮಾಡಿಕೊಳ್ಳಬಹುದು’ ಎಂಬುದು ನಿಜವಲ್ಲ. ಎಚ್‌1ಬಿ, ಎಫ್‌1ನಂತಹ ತಾತ್ಕಾಲಿಕ ವೀಸಾದಲ್ಲಿರುವವರು ಬೇಟೆಯ ಪರವಾನಗಿಯಂತಹ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಅಲ್ಲಿ ಅಪರಾಧ. ಅದಕ್ಕೆ ಕ್ರಮಸಂಖ್ಯೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬಾರದು. ನಿಮ್ಮ ಓದುಗರಲ್ಲಿ ಎಷ್ಟೋ ಜನರ ಮಕ್ಕಳು ಇದೇ ವೀಸಾಗಳಲ್ಲಿ ಅಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ನನ್ನ ತಮ್ಮನ ಮಗನೂ ಅವರಲ್ಲೊಬ್ಬ. ಲೇಖನವನ್ನು ಮೊಬೈಲಿನಲ್ಲಿ ಓದಿ, ‘ದೊಡ್ಡಪ್ಪ, ನಾನೂ ಒಂದು ಕಿಟ್ ತರಿಸಲಾ?’ ಎಂದು ತಮಾಷೆಗೆ ಕೇಳಿದ. ಎಲ್ಲರೂ ತಮಾಷೆಗೇ ಕೇಳುತ್ತಾರೆಂದು ಹೇಳಲಾಗದು. ಈ ತಿದ್ದುಪಡಿಯನ್ನು ದಯವಿಟ್ಟು ಲೇಖನ ಬಂದ ಪುಟದಲ್ಲೇ ಪ್ರಕಟಿಸಿ.

— ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು