ಹಾಡು ನಿಲ್ಲಿಸಬೇಡಿ ಅಪ್ಪಾ

ಮೆಂಫಿಸ್, ಟೆನೆಸಿ
ಭಾನುವಾರ ಸಂಜೆ

ಪ್ರೀತಿಯ ಅಪ್ಪನಿಗೆ ಮತ್ತು ಅಮ್ಮನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾವೆಲ್ಲ ಇಲ್ಲಿ ಕ್ಷೇಮ. ಮಕ್ಕಳಿಗೆ ಶಾಲೆ ಶುರುವಾಗಿದೆ, ಸೆಕೆ ಮಾತ್ರ ಇನ್ನೂ ಇಳಿದಿಲ್ಲ. ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಬಂದು ಸೇರಿತು.

ಅಪ್ಪ, ಮೊನ್ನೆ ಫೋನಿನಲ್ಲಿ ನೀವು ಆಡಿದ ಮಾತು ಮನಸ್ಸು ಬಿಟ್ಟು ಹೋಗುತ್ತಿಲ್ಲ. "ಬೆಟಗೇರಿ ಮಾವ ಹೋದ ಮೇಲೆ ಬಾಸ್, ಆ ಕೆಳಗಿನ ದನಿ, ಹಿಡಿಯುವವರೇ ಇಲ್ಲ, ಇನ್ನು ನಮ್ಮ ನಾಲ್ವರ ಹಾಡು ಮುಗಿಯಿತು" ಅಂದಿರಿ. ಆಗ ನನಗೆ ಗಂಟಲು ಕಟ್ಟಿ ಏನೂ ಹೇಳಲಾಗಲಿಲ್ಲ. ಹುಬ್ಬಳ್ಳಿಯ ನಮ್ಮ ದೇವಾಲಯದಲ್ಲಿ ನಿಮ್ಮ ನಾಲ್ವರ ದನಿ ಇಲ್ಲದ ಸುಗ್ಗಿ ಹಬ್ಬವನ್ನು ನಾನು ಕಂಡವಳೇ ಅಲ್ಲ. ಈ ಊರಿನಲ್ಲಿದ್ದುಕೊಂಡು ಒಂದು ಸಂಗತಿಯನ್ನು ನಿಮಗೆ ತಿಳಿಸದೆ ಇರಲಾರೆ. ನಿಧಾನವಾಗಿ ಓದಿ.

ಬ್ಲ್ಯಾಕ್‌ವುಡ್ ಬ್ರದರ್ಸ್ ಎಂಬ ಕ್ವಾರ್ಟೆಟ್, ಅಂದರೆ ನಾಲ್ಕು ದನಿಯ ಹಾಡಿನ ತಂಡ, ಬಹುಕಾಲ ನೆಲೆಸಿದ್ದು ಇಲ್ಲೇ, ಮೆಂಫಿಸ್‌ನಲ್ಲಿ. ಹುಟ್ಟಿದ್ದು ಮಾತ್ರ ಪಕ್ಕದ ಮಿಸಿಸಿಪ್ಪಿ ರಾಜ್ಯದ ಚಾಕ್ಟಾ ಕೌಂಟಿಯಲ್ಲಿ, 1934ರಲ್ಲಿ. ಅಮೆರಿಕಾದಲ್ಲಿ ಕೆಲಸವಿಲ್ಲದೆ, ಬೆಳೆಗೆ ಬೆಲೆಯಿಲ್ಲದೆ ಜನ ಕಂಗೆಟ್ಟಿದ್ದ ಕಾಲ. ಕುಟುಂಬದವರು ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ರೈತರು. ಹಿರಿಯಣ್ಣ ರಾಯ್ ಬೋಧಕರು. ಅವರ ಜೊತೆಗೆ ತಮ್ಮಂದಿರಾದ ಡಾಯ್ಲ್ ಮತ್ತು ಜೇಮ್ಸ್, ನಾಲ್ಕನೆಯವರು ರಾಯ್‌ರ ಮಗ ಆರ್.ಡಬ್ಲ್ಯೂ. ಜೇಮ್ಸ್ ಹುಟ್ಟಿದ್ದು 1919ರಲ್ಲಿ, ಆರ್.ಡಬ್ಲ್ಯೂ. 1921ರಲ್ಲಿ. ಚಿಕ್ಕಪ್ಪ, ಅಣ್ಣನ ಮಗ ಅನ್ನುವುದು ಹೆಸರಿಗಷ್ಟೇ, ಇಬ್ಬರೂ ಒಟ್ಟಿಗೆ ಬೆಳೆದ ಗೆಳೆಯರು. ಇದನ್ನು ನೆನಪಿಟ್ಟುಕೊಳ್ಳಿ.

ಆ ಕಾಲಕ್ಕೆ ಕ್ವಾರ್ಟೆಟ್ ಹೊಸದೇನಲ್ಲ. 1910ರಲ್ಲೇ ಟೆನೆಸಿಯ ಲಾರೆನ್ಸ್‌ಬರ್ಗ್‌ನ ಜೇಮ್ಸ್ ವಾನ್ ಎಂಬ ಪ್ರಕಾಶಕರು ತಾವು ಅಚ್ಚು ಹಾಕಿಸಿದ ಹಾಡಿನ ಪುಸ್ತಕಗಳನ್ನು ಮಾರಲು ನಾಲ್ವರು ಗಾಯಕರನ್ನು ಊರೂರಿಗೆ ಕಳಿಸಿದ್ದರು. ನಾವು ಡೊ ರೆ ಮಿ ಬರೆದುಕೊಂಡು ಕಲಿತೆವಲ್ಲ, ಆ ಪುಸ್ತಕಗಳಲ್ಲಿ ಏಳು ಸ್ವರಕ್ಕೆ ಏಳು ಆಕಾರ: ಒಂದು ತ್ರಿಕೋನ, ಇನ್ನೊಂದು ಚೌಕ, ಹೀಗೆ. ಓದು ಬರಹ ಅಷ್ಟಾಗಿ ಇಲ್ಲದ ಹಳ್ಳಿಯವರೂ ಆಕಾರ ನೋಡಿ ನಾಲ್ಕು ದನಿಯಲ್ಲಿ ಹಾಡುತ್ತಿದ್ದರು. ಪುಸ್ತಕ ಮಾರಲು ಹೊರಟದ್ದು ಕ್ರಮೇಣ ಸುವಾರ್ತೆಯ ಸೇವೆಯೇ ಆಯಿತು.

ನಿಮಗೆ ಇಷ್ಟವಾಗುವ ವಿಷಯ ಈಗ. ನಮ್ಮ ಕ್ವಾಯರಿನಲ್ಲಿ ರಾಗ ಮೇಲಿನ ದನಿಯದ್ದು, ಅಂದರೆ ಸೊಪ್ರಾನೊದ್ದು. ಇವರಲ್ಲಿ ರಾಗ ಹಿಡಿಯುವವನು ನಡುವೆ ನಿಂತ ಲೀಡ್. ಟೆನರ್ ಅವನಿಗಿಂತ ಮೇಲೆ ಹೋಗುತ್ತಾನೆ. ಉಳಿದ ಮೂವರು ಹಿಡಿದ ಸ್ವರಗಳಲ್ಲಿ ಏನು ಕೊರತೆಯೋ ಅದನ್ನು ತುಂಬುವವನು ಬ್ಯಾರಿಟೋನ್. ಜನ ಅವನನ್ನು ಗಮನಿಸುವುದಿಲ್ಲ, ಅವನು ತಪ್ಪಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಬಾಸ್ ತಳಪಾಯ. ನಾಲ್ವರೂ ಸ್ವರಾಕ್ಷರ ಉಚ್ಚರಿಸುವಾಗ ಬಾಯಿಯನ್ನು ಒಂದೇ ರೀತಿ ತೆರೆಯಬೇಕು, ಇಲ್ಲದಿದ್ದರೆ ಶ್ರುತಿ ಸರಿಯಿದ್ದರೂ ದನಿ ಬೆರೆಯದು. "ಬಾಯಿ ತೆರೀರಿ, ಹಲ್ಲು ಕಚ್ಚಬ್ಯಾಡ್ರಿ" ಎಂದು ನೀವು ಹುಡುಗರಿಗೆ ಗದರುತ್ತಿದ್ದದ್ದು ಇದಕ್ಕೇ.

1940ರಲ್ಲಿ ಇವರು ಅಯೋವಾ ರಾಜ್ಯದ ಶೆನಂಡೋವಾ ಎಂಬ ಚಿಕ್ಕ ಪಟ್ಟಣಕ್ಕೆ ಹೋದರು. ಅಲ್ಲಿ ಬೀಜದ ಕಂಪನಿಯೊಂದು ನಡೆಸುತ್ತಿದ್ದ ಕೆ.ಎಂ.ಎ. ಎಂಬ ರೇಡಿಯೊ ಕೇಂದ್ರದಲ್ಲಿ ಹಾಡಿದರು. 1950ಕ್ಕೆ ಮೆಂಫಿಸ್‌ಗೆ ಬಂದರು. ಇಲ್ಲಿನ ಎಲ್ಲಿಸ್ ಆಡಿಟೋರಿಯಂನಲ್ಲಿ ರಾತ್ರಿಯಿಡೀ ಹಾಡಿನ ಕೂಟ ನಡೆಸುತ್ತಿದ್ದರು. 1954ರ ಜೂನ್‌ನಲ್ಲಿ ನ್ಯೂಯಾರ್ಕಿನ ಆರ್ಥರ್ ಗಾಡ್‌ಫ್ರೆ ಅವರ ಪ್ರತಿಭಾ ಸ್ಪರ್ಧೆಯಲ್ಲಿ ಗೆದ್ದು ದೇಶಕ್ಕೆಲ್ಲ ಗೊತ್ತಾದರು.

ಅದೇ ತಿಂಗಳು 30ರಂದು ಅಲಬಾಮಾದ ಕ್ಲಾಂಟನ್ ಊರಿನ ಪೀಚ್ ಹಣ್ಣಿನ ಹಬ್ಬಕ್ಕೆ ತಮ್ಮದೇ ಚಿಕ್ಕ ವಿಮಾನದಲ್ಲಿ ಹೋಗಿದ್ದರು. ಹಾರಿಸುತ್ತಿದ್ದವರು ಬ್ಯಾರಿಟೋನ್ ಆರ್.ಡಬ್ಲ್ಯೂ., ಪಕ್ಕದಲ್ಲಿ ಬಾಸ್ ಬಿಲ್ ಲೈಲ್ಸ್. ಅಲ್ಲಿನ ರನ್‌ವೇ ಬಹಳ ಗಿಡ್ಡ. ವಾಪಸ್ ಹೊರಡುವ ಮುನ್ನ ಒಂದು ಸಲ ಪರೀಕ್ಷೆ ಮಾಡಿ ನೋಡೋಣವೆಂದು ವಿಮಾನ ಎಬ್ಬಿಸಿದರು. ಇಳಿಯುವಾಗ ಅದು ಬಿದ್ದು ಬೆಂಕಿ ಹತ್ತಿಕೊಂಡಿತು. ಇಬ್ಬರೂ ತೀರಿಕೊಂಡರು, ಜೊತೆಗೆ ಹತ್ತಿದ್ದ ಆ ಊರಿನ ಒಬ್ಬ ಹುಡುಗನೂ. ಜೇಮ್ಸ್ ಕೆಳಗೆ ನಿಂತು ನೋಡುತ್ತಿದ್ದರು. ಬೆಂಕಿಯೊಳಕ್ಕೆ ನುಗ್ಗಲು ಓಡಿದವರನ್ನು ಸ್ಟೇಟ್ಸ್‌ಮನ್ ಕ್ವಾರ್ಟೆಟ್ಟಿನ ಜೇಕ್ ಹೆಸ್ ಅಪ್ಪಿ ಹಿಡಿದು ತಡೆದರಂತೆ. ಇನ್ನು ಹಾಡುವುದೇ ಇಲ್ಲ ಎಂದು ಜೇಮ್ಸ್ ಆಗ ನಿರ್ಧರಿಸಿದ್ದರು. ರಾತ್ರಿಯಿಡೀ ಹಾಡಿ ತುಂಬಿಸುತ್ತಿದ್ದ ಎಲ್ಲಿಸ್ ಆಡಿಟೋರಿಯಂನಲ್ಲೇ ತೀರಿಕೊಂಡ ಇಬ್ಬರ ಅಂತ್ಯಸಂಸ್ಕಾರದ ಆರಾಧನೆ ನಡೆಯಿತು.

ಅಪ್ಪ, ನಿಮ್ಮಂತೆಯೇ ಅಂದುಕೊಂಡವರು ಜೇಮ್ಸ್. ಆದರೆ ನಿಲ್ಲಲಿಲ್ಲ. ಆರ್.ಡಬ್ಲ್ಯೂ. ಜಾಗಕ್ಕೆ ಅವರ ಸ್ವಂತ ತಮ್ಮ ಸಿಸಿಲ್ ಬಂದ, ಇನ್ನೂ ಇಪ್ಪತ್ತು ತುಂಬಿರದ ಹುಡುಗ. ಬಾಸ್‌ಗೆ ಬೇರೆ ತಂಡದಲ್ಲಿ ಹಾಡುತ್ತಿದ್ದ ಜೆ.ಡಿ. ಸಮ್ನರ್ ಬಂದರು. ಅವರ ದನಿ ಎಷ್ಟು ಆಳವೆಂದರೆ ಕೇಳುವವರ ಎದೆಯಲ್ಲಿ ನಡುಕ ಹುಟ್ಟುತ್ತದೆ. ವಿಮಾನ ಬಿಟ್ಟು ಬಸ್ಸಿನಲ್ಲಿ ಊರೂರು ತಿರುಗಿದರು. 1957ರಲ್ಲಿ ಎಲ್ಲ ಕ್ವಾರ್ಟೆಟ್‌ಗಳನ್ನೂ ಮೆಂಫಿಸ್‌ಗೆ ಕರೆದು ಮಹಾಕೂಟ ನಡೆಸಿದರು. ಅದು ವರ್ಷವರ್ಷ ಬೆಳೆಯಿತು.

ಗಾಯಕ ಎಲ್ವಿಸ್ ಪ್ರೀಸ್ಲಿಯ ಹೆಸರು ನಿಮಗೆ ಗೊತ್ತು. ಅವನು ಹುಡುಗನಾಗಿದ್ದಾಗ ಇವರ ಕೂಟಗಳಿಗೆ ಬರುತ್ತಿದ್ದ, ಸಿಸಿಲ್‌ನ ಗೆಳೆಯ. 1958ರಲ್ಲಿ ಅವನ ತಾಯಿ ತೀರಿಕೊಂಡಾಗ ಹಾಡಿದವರು ಬ್ಲ್ಯಾಕ್‌ವುಡ್ ಬ್ರದರ್ಸ್. ಆಕೆಗೆ ಇವರ ಹಾಡೆಂದರೆ ಪ್ರಾಣವಂತೆ. ಅವತ್ತು 1954ರಲ್ಲೇ ನಿಲ್ಲಿಸಿಬಿಟ್ಟಿದ್ದರೆ ಆ ಮನೆಯ ದುಃಖದಲ್ಲಿ ಯಾರು ಹಾಡಬೇಕಿತ್ತು? ನಮ್ಮ ಸಭೆಯಲ್ಲೂ ಸಾವಿನ ಮನೆಗೆ ಮೊದಲು ಹೋಗುತ್ತಿದ್ದವರು ನೀವು ನಾಲ್ವರೇ ಅಲ್ಲವೇ?

ಮನಸ್ಸಿಗೆ ನೋವಾಗುವ ಒಂದು ಮಾತನ್ನೂ ಬರೆಯುತ್ತೇನೆ. ಇದೇ ಊರಿನಲ್ಲಿ ಕಪ್ಪು ಜನರ ಕ್ವಾರ್ಟೆಟ್‌ಗಳೂ ಇದ್ದವು. ಸ್ಪಿರಿಟ್ ಆಫ್ ಮೆಂಫಿಸ್ ತಂಡದವರು ವಾದ್ಯವಿಲ್ಲದೆ, ಬರೀ ದನಿಯಲ್ಲಿ ಹಾಡಿ ಹೆಸರಾದವರು. ಆದರೆ ಆಗಿನ ಕಾನೂನು, ರೂಢಿ ಎರಡೂ ಜನರನ್ನು ಬೇರೆ ಮಾಡಿದ್ದವು. ಎಲ್ಲಿಸ್ ಆಡಿಟೋರಿಯಂನಲ್ಲಿ ಕಪ್ಪು ಜನರು ಬೇರೆಯೇ ಕೂರಬೇಕಿತ್ತು. ಒಬ್ಬನೇ ಕರ್ತನನ್ನು ಸ್ತುತಿಸುವವರು ಒಟ್ಟಿಗೆ ಕೂರುವಂತಿರಲಿಲ್ಲ. ಇದು ಪಾಪ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಆ ತಂಡದ ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ ಕಳಿಸುತ್ತೇನೆ, ಅವರ ಬಾಸ್ ನೀವು ಕೇಳಲೇಬೇಕು.

ಜೇಮ್ಸ್ 2002ರಲ್ಲಿ ಇಲ್ಲೇ ಮೆಂಫಿಸ್‌ನಲ್ಲಿ ತೀರಿಕೊಂಡರು. ಮುಂದೆ ಅವರ ಮಗ ಬಿಲ್ಲಿ ತಂಡ ನಡೆಸಿದರು. ಎಲ್ಲಿಸ್ ಆಡಿಟೋರಿಯಂ ಕೆಡವಿದ್ದಾರೆ, ಅದರ ಜಾಗದಲ್ಲಿ ಬೇರೆ ಸಭಾಂಗಣ ಇದೆ. ನೀವು ಬಂದಾಗ ಕರೆದುಕೊಂಡು ಹೋಗುತ್ತೇನೆ.

ಈಗ ನನ್ನ ಬಿನ್ನಹ. ಮಾವನ ಕಿರಿಯ ಮಗನಿಗೆ ದನಿ ಒಡೆದು ಎಷ್ಟೋ ಕಾಲವಾಯಿತು, ಅಪ್ಪನ ದನಿಯೇ ಬಂದಿದೆ ಎಂದು ಅಮ್ಮನೇ ಹೇಳಿದಳು. ನಾಚಿಕೆಯ ಹುಡುಗ, ತಾನಾಗಿ ಕೇಳುವುದಿಲ್ಲ. ನೀವೇ ಕರೆಯಿರಿ. ಮೊದಲು ಮಾವ ಹಾಡುತ್ತಿದ್ದ ಸಾಲುಗಳನ್ನೇ ಕೊಡಬೇಡಿ, ಅವನಿಗೆ ಭಾರವಾದೀತು. ಅವನಿಗೆ ಹೊಸದಾದ ಒಂದು ಕೀರ್ತನೆಯಿಂದ ಶುರು ಮಾಡಿ. ಬಾಸ್ ಗಟ್ಟಿಯಾಗುವವರೆಗೆ ಶ್ರುತಿ ಅರ್ಧ ಸ್ವರ ಮೇಲಿಟ್ಟರೂ ನಡೆಯುತ್ತದೆ. ಶನಿವಾರದ ಅಭ್ಯಾಸವನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಅತ್ತೆಯೂ ಬಂದು ಕೂರಲಿ.

ಸಭಾಪಾಲಕರಿಗೆ ನಮ್ಮ ವಂದನೆ ತಿಳಿಸಿ. ಅಮ್ಮ ಮೊಣಕಾಲಿನ ಔಷಧಿ ಬಿಡಬಾರದು. ಅತ್ತೆಗೆ ಮುಂದಿನ ವಾರ ಪ್ರತ್ಯೇಕ ಬರೆಯುತ್ತೇನೆ. ಹುಡುಗ ಒಪ್ಪಿದನೋ ಇಲ್ಲವೋ, ಬೇಗ ತಿಳಿಸಿ.

ನಿಮ್ಮ ಪ್ರೀತಿಯ ಮಗಳು