ಭಾನುವಾರ ಬೈಲಕುಪ್ಪೆಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ 6 ಗಂಟೆಗೆ ಮೈಸೂರಿನಿಂದ ಬಸ್ಸು ಹೊರಡುತ್ತದೆ. ತಿಂಡಿ ಹುಣಸೂರಿನಲ್ಲಿ. ಉಳಿದದ್ದನ್ನು ಸ್ವಲ್ಪ ನಿಧಾನವಾಗಿ ಓದಿ.

ಈ ಸಲ ಬರೀ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ (ಟಿಬೆಟನ್ ಬೌದ್ಧ ಮಠ) ನೋಡಿ, ಮೊಮೊ ತಿಂದು ವಾಪಸ್ ಬರುವುದಲ್ಲ. ಮಧ್ಯಾಹ್ನ ಒಂದು ಟಿಬೆಟನ್ ಕುಟುಂಬದ ಮನೆಗೆ ಹೋಗುತ್ತೇವೆ. ಆ ಮನೆಯ ಅಜ್ಜಿ 1959ರಲ್ಲಿ ಟಿಬೆಟ್ ಬಿಟ್ಟು ಹಿಮಾಲಯ ದಾಟಿ ಬಂದ ನಿರಾಶ್ರಿತರು. 1960ರ ದಶಕದ ಆರಂಭದಲ್ಲಿ ಇಂಥ ಟಿಬೆಟನ್ನರನ್ನು ಬೈಲಕುಪ್ಪೆಯಲ್ಲಿ ನೆಲೆಗೊಳಿಸಿದಾಗ ಸುತ್ತ ಇದ್ದದ್ದು ಕಾಡು. ಚಳಿ ನಾಡಿನ ಜನ ನಮ್ಮ ಬಿಸಿಲಲ್ಲಿ ಮರ ಕಡಿದು, ಡೇರೆಯಲ್ಲಿ ಮಲಗಿ, ಆನೆ ಓಡಿಸಿ ಮುಸುಕಿನ ಜೋಳ ಬೆಳೆದರು. ಚಳಿಗಾಲ ಬಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರಿ ಮಕ್ಕಳನ್ನು ಓದಿಸಿದರು. ಮೊಮ್ಮಕ್ಕಳು ಮನೆಯಲ್ಲಿ ಟಿಬೆಟನ್, ಅಂಗಡಿಯಲ್ಲಿ ಕನ್ನಡ ಮಾತಾಡುತ್ತಾರೆ. ತಾವು ಕಣ್ಣಾರೆ ನೋಡದ ನಾಡಿನ ಹೊಸ ವರ್ಷದ ಹಬ್ಬ ಲೋಸಾರ್ ಅನ್ನು ತಪ್ಪದೆ ಮಾಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಂದು ವಿನಂತಿ. "ಹೇಗೆ ತಪ್ಪಿಸಿಕೊಂಡು ಬಂದಿರಿ, ಯಾರ್‍ಯಾರು ತೀರಿಕೊಂಡರು" ಅಂತ ಅಜ್ಜಿಯನ್ನು ಕೇಳಬೇಡಿ. ಅವರಾಗಿಯೇ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ. ಇಂಥ ನೋವು ಕಂಡ ಎಷ್ಟೋ ಹಿರಿಯರು ಮಕ್ಕಳ ಹತ್ತಿರ ಬಾಯಿ ಬಿಡದೆ, ಮೊಮ್ಮಕ್ಕಳು ಕೇಳಿದಾಗ ಹೇಳಿಕೊಳ್ಳುತ್ತಾರೆ. ಅಲ್ಲಿ ಅಜ್ಜಿಯ ಮಾತನ್ನು ನಮಗೆ ಕನ್ನಡದಲ್ಲಿ ಹೇಳುವವಳೂ ಮೊಮ್ಮಗಳೇ. ಅವಳು ನಿಲ್ಲಿಸಿದ ಕಡೆ ನಾವೂ ನಿಲ್ಲಿಸೋಣ. ಅಡುಗೆ, ಹೊಲ, ಹಬ್ಬದ ಬಗ್ಗೆ ಎಷ್ಟು ಬೇಕಾದರೂ ಕೇಳಿ. ಅನುಮತಿ ಇಲ್ಲದೆ ಫೋಟೊ, ವಿಡಿಯೊ ಬೇಡ. ಬೆಣ್ಣೆ ಚಹಾ ಕೊಡುತ್ತಾರೆ, ಉಪ್ಪಾಗಿರುತ್ತದೆ. ದಯವಿಟ್ಟು ಒಂದು ಗುಟುಕಾದರೂ ಕುಡಿಯಿರಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.